ವಿಟಮಿನ್ ಡಿ 11 ಬಂದಿದೆ, ವಾರಕ್ಕೊಂದು 60,000 ಯೂನಿಟ್‌ನ ಮಾತ್ರೆ ತಗೊಳ್ಳಬಹುದಾ?

ನಿಮ್ಮ ರಿಪೋರ್ಟ್‌ನಲ್ಲಿ ವಿಟಮಿನ್ ಡಿ 11 ಬಂದಿದೆ, ಡಾಕ್ಟರ್ ವಾರಕ್ಕೊಂದರಂತೆ 8 ವಾರ 60,000 ಯೂನಿಟ್‌ನ ಮಾತ್ರೆ ಬರೆದಿದ್ದಾರೆ, ಆ ಸಂಖ್ಯೆ ನೋಡಿಯೇ ಭಯ ಆಗುತ್ತಿದೆ ಅಂತ ಕೇಳಿದ್ದೀರಿ. ಕೋರ್ಸ್ ಮುಗಿದ ಮೇಲೂ ಮುಂದುವರಿಸಬಹುದಾ ಅನ್ನೋದು ನಿಮ್ಮ ಎರಡನೇ ಪ್ರಶ್ನೆ.

ಡಾಕ್ಟರ್ ಬರೆದ ಹಾಗೇ ತಗೊಳ್ಳೋದಕ್ಕೆ ಭಯ ಬೇಡ. ನೀವಾಗಿಯೇ ಮುಂದುವರಿಸೋದು ಮಾತ್ರ ಖಂಡಿತ ಬೇಡ. ನಾನು ಡಾಕ್ಟರ್ ಅಲ್ಲ. ಆದರೆ ಇದೇ ಮಾತ್ರೆ ನಮ್ಮ ಮನೆಯಲ್ಲಿ ನನ್ನನ್ನು ಚೇತರಿಸಿದೆ, ನಮ್ಮ ಮಾವನವರನ್ನು ಆಸ್ಪತ್ರೆಗೆ ಸೇರಿಸಿದೆ.

ನನಗೆ 9 ಬಂದಿತ್ತು. 20ಕ್ಕಿಂತ ಕೆಳಗೆ ಇದ್ದರೆ ಕೊರತೆ ಅಂತ ಲೆಕ್ಕ. ಮೆಟ್ಟಿಲು ಹತ್ತುವಾಗ ತೊಡೆ ಹಿಡಿದುಕೊಳ್ಳುತ್ತಿತ್ತು, ನೆಲದಿಂದ ಏಳೋಕೆ ಕೈ ಊರಬೇಕಿತ್ತು. 8 ವಾರ, 8 ಮಾತ್ರೆ. ಮೂರು ತಿಂಗಳಿಗೆ 34ಕ್ಕೆ ಬಂತು.

ಮಾವನವರಿಗೂ ಆಮೇಲೆ ಅದನ್ನೇ ಬರೆದುಕೊಟ್ಟರು. ಅವರು ಅದನ್ನು ಬಿಪಿ ಮಾತ್ರೆಯ ಡಬ್ಬಿಯಲ್ಲೇ ಇಟ್ಟುಕೊಂಡು ದಿನಾ ತಿಂಡಿ ಆದ ಮೇಲೆ ಒಂದೊಂದು ನುಂಗಿದರು. ಖಾಲಿಯಾದಾಗ ಹಳೇ ಸ್ಟ್ರಿಪ್ ತೋರಿಸಿ ಮೆಡಿಕಲ್ ಶಾಪಿನಿಂದ ಇನ್ನಷ್ಟು ತಂದರು. ವಿಟಮಿನ್ ತಾನೇ ಅಂತ ಮನೆಯಲ್ಲಿ ನಾವ್ಯಾರೂ ಕೇಳಲಿಲ್ಲ. ಹೀಗೆ ಒಂದೂವರೆ ತಿಂಗಳು ನಡೆಯಿತು. ಮೊದಲು ವಿಪರೀತ ಬಾಯಾರಿಕೆ. ರಾತ್ರಿ ನಾಲ್ಕೈದು ಸಲ ಎದ್ದು ಮೂತ್ರಕ್ಕೆ ಹೋಗುತ್ತಿದ್ದರು. ಶುಗರ್ ಬಂದಿರಬೇಕು ಅಂದುಕೊಂಡೆವು. ಆಮೇಲೆ ಊಟ ಸೇರಲಿಲ್ಲ, ಮಲಬದ್ಧತೆ, ವಾಂತಿ. ಒಂದು ಸಂಜೆ ಮೊಮ್ಮಗಳನ್ನು ಕರೆಯೋಕೆ ಹೋಗಿ, ಅವಳ ಹೆಸರು ತೋಚದೆ ಸುಮ್ಮನೆ ನನ್ನ ಮುಖ ನೋಡಿದರು. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತದಲ್ಲಿ ಕ್ಯಾಲ್ಸಿಯಂ 13 ದಾಟಿತ್ತು. ಇರಬೇಕಾದದ್ದು ಹೆಚ್ಚೆಂದರೆ ಹತ್ತೂವರೆ. ವಿಟಮಿನ್ ಡಿ 150ಕ್ಕೂ ಮೇಲಿತ್ತು, ಕ್ಯಾಲ್ಸಿಯಂ ಏರಿಸಿದ್ದು ಅದೇ. ಕಿಡ್ನಿಗೂ ಪೆಟ್ಟು ಬಿದ್ದಿತ್ತು. ಡ್ರಿಪ್ ಹಾಕಿ, ಆ ಮಾತ್ರೆ ಜೊತೆಗೆ ಕ್ಯಾಲ್ಸಿಯಂ ಮಾತ್ರೆಯನ್ನೂ ನಿಲ್ಲಿಸಿದರು. ಪೂರ್ತಿ ಸರಿಹೋಗೋಕೆ ತಿಂಗಳುಗಳೇ ಬೇಕಾದವು.

ಯಾಕೆ ಅಷ್ಟು ದಿನ ಅಂದರೆ, ವಿಟಮಿನ್ ಸಿ ಜಾಸ್ತಿಯಾದರೆ ಮೂತ್ರದಲ್ಲಿ ಹೊರಟುಹೋಗುತ್ತದೆ. ಡಿ ಹಾಗಲ್ಲ, ಕೊಬ್ಬಿನಲ್ಲಿ ಕರಗಿ ಮೈಯಲ್ಲೇ ಉಳಿಯುತ್ತದೆ. ವಾರಕ್ಕೊಂದು ಸಾಕಾಗುವುದಕ್ಕೂ, ಜಾಸ್ತಿಯಾದರೆ ಬೇಗ ಇಳಿಯದಿರುವುದಕ್ಕೂ ಇದೇ ಕಾರಣ. 60,000 ಅನ್ನು ಏಳು ದಿನಕ್ಕೆ ಹಂಚಿದರೆ ದಿನಕ್ಕೆ ಎಂಟೂವರೆ ಸಾವಿರ ಚಿಲ್ಲರೆ ಆಗುತ್ತದೆ. ಡಾಕ್ಟರ್ ಕಣ್ಣಿಲ್ಲದೆ ದೊಡ್ಡವರು ದಿನಾ ತಗೊಳ್ಳಬಹುದಾದ ಮಿತಿ 4,000 ಯೂನಿಟ್. ಅಂದರೆ ನಿಮ್ಮದು ಖಾಲಿ ಕೊಡ ತುಂಬಿಸುವ ಡೋಸ್. ತುಂಬಿದ ಮೇಲೆ ನಿಲ್ಲಿಸಲೇಬೇಕು.

ಹಾಗಾಗಿ ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳಿ. ನನ್ನದು ಭಾನುವಾರ, ಮಧ್ಯಾಹ್ನದ ಊಟ ಆದ ತಕ್ಷಣ. ತುಪ್ಪ, ಎಣ್ಣೆ ಇರುವ ಊಟದ ಜೊತೆ ಚೆನ್ನಾಗಿ ಮೈಗೆ ಹತ್ತುತ್ತದೆ, ಖಾಲಿ ಹೊಟ್ಟೆಗೆ ಅಷ್ಟಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಎಂಟು ಭಾನುವಾರಕ್ಕೂ ಮೊದಲೇ ಸುತ್ತು ಹಾಕಿ, ನುಂಗಿದ ಮೇಲೆ ಗೀಟು ಹೊಡೆಯುತ್ತಿದ್ದೆ. ಈಗ ಮನೆಯಲ್ಲಿ ಯಾರಿಗೇ ಬರೆದುಕೊಟ್ಟರೂ ಹಾಗೇ ಮಾಡುತ್ತೇವೆ, ಸ್ಟ್ರಿಪ್ಪನ್ನು ದಿನದ ಮಾತ್ರೆಗಳ ಡಬ್ಬಿಗೆ ಹಾಕೋದೇ ಇಲ್ಲ. ಒಂದು ವಾರ ಮರೆತರೆ ನೆನಪಾದ ದಿನ ತಗೊಳ್ಳಿ, ಎರಡು ಒಟ್ಟಿಗೆ ಬೇಡ.

ಮನೆಯಲ್ಲಿರುವ ಕ್ಯಾಲ್ಸಿಯಂ, ಮಲ್ಟಿವಿಟಮಿನ್ ಮಾತ್ರೆಗಳ ಹಿಂಭಾಗ ಓದಿ. ಎಷ್ಟೋ ಮಾತ್ರೆಗಳಲ್ಲಿ ಡಿ ಸೇರಿರುತ್ತದೆ, ಲೆಕ್ಕ ಕೂಡುತ್ತಾ ಹೋಗುತ್ತದೆ. ಕಿಡ್ನಿಯಲ್ಲಿ ಕಲ್ಲು ಆಗಿದ್ದರೆ, ಕಿಡ್ನಿ ಕಾಯಿಲೆ, ಟಿಬಿ, ಸಾರ್ಕಾಯ್ಡೋಸಿಸ್ (ಶ್ವಾಸಕೋಶ ಮುಂತಾದ ಕಡೆ ಸಣ್ಣ ಗಂಟುಗಳಾಗುವ ಕಾಯಿಲೆ), ಪ್ಯಾರಾಥೈರಾಯ್ಡ್ (ಕ್ಯಾಲ್ಸಿಯಂ ಹತೋಟಿಯಲ್ಲಿಡುವ ಕುತ್ತಿಗೆಯ ಗ್ರಂಥಿ) ತೊಂದರೆ ಇದ್ದರೆ, ಮೊದಲ ಮಾತ್ರೆಗೂ ಮುಂಚೆ ಡಾಕ್ಟರಿಗೆ ಹೇಳಿ. ಬಿಪಿಗೆ ಥಯಜೈಡ್ ಗುಂಪಿನ ಮಾತ್ರೆ ಅಥವಾ ಹೃದಯಕ್ಕೆ ಡಿಗಾಕ್ಸಿನ್ ತಗೊಳ್ಳುತ್ತಿದ್ದರೂ ಹೇಳಿ. ಥಯಜೈಡ್ ಮಾತ್ರೆ ಕ್ಯಾಲ್ಸಿಯಂ ಮೂತ್ರದಲ್ಲಿ ಹೋಗದ ಹಾಗೆ ಹಿಡಿದಿಡುತ್ತದೆ.

ಒಂದೇ ಸಲ ದೊಡ್ಡದಾಗಿ ತಗೊಂಡು ಮುಗಿಸೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಆಸ್ಟ್ರೇಲಿಯಾದಲ್ಲಿ 70 ದಾಟಿದ 2,256 ಹೆಂಗಸರ ಮೇಲೆ ಪ್ರಯೋಗ ಮಾಡಿದ್ದರು. ಅರ್ಧ ಜನಕ್ಕೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟರು. ಫಲಿತಾಂಶ 2010ರಲ್ಲಿ ಬಂತು: ಡೋಸ್ ತಗೊಂಡವರೇ ಜಾಸ್ತಿ ಬಿದ್ದಿದ್ದರು, ಅವರ ಮೂಳೆಗಳೇ ಜಾಸ್ತಿ ಮುರಿದಿದ್ದವು.

ಬಿಸಿಲಿನ ಬಗ್ಗೆ ಇಷ್ಟೇ. ಎಷ್ಟು ಬಿಸಿಲು ಬಿದ್ದರೂ ಡಿ ವಿಷವಾಗೋದಿಲ್ಲ, ಸಾಕಾದಾಗ ಚರ್ಮವೇ ನಿಲ್ಲಿಸುತ್ತದೆ. ಕಿಟಕಿ ಗಾಜಿನ ಒಳಗೆ ಕೂತರೆ ಮಾತ್ರ ಪ್ರಯೋಜನ ಇಲ್ಲ.

ಶುರು ಮಾಡಿದ ಮೂರು ತಿಂಗಳಿಗೆ ಮತ್ತೆ ಟೆಸ್ಟ್ ಮಾಡಿಸಿ. ಜೊತೆಗೆ ಕ್ಯಾಲ್ಸಿಯಂ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ಟೆಸ್ಟ್) ನೋಡಬೇಕಾ ಅಂತ ಡಾಕ್ಟರನ್ನು ಕೇಳಿ. 30ರ ಮೇಲೆ ಬಂದಿದ್ದರೆ ಸಾಮಾನ್ಯವಾಗಿ ತಿಂಗಳಿಗೊಂದು ಮಾತ್ರೆ, ಇಲ್ಲವೇ ದಿನಾ ಸಣ್ಣ ಡೋಸ್ ಬರೆಯುತ್ತಾರೆ. ಅಲ್ಲಿಯವರೆಗೆ ಬಾಯಾರಿಕೆ, ವಾಕರಿಕೆ, ಪದೇ ಪದೇ ಮೂತ್ರ ಶುರುವಾದರೆ ಮುಂದಿನ ಮಾತ್ರೆ ನುಂಗದೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ನಾವು ಅಷ್ಟೊಂದು ದಿನ ಕಾದ ಹಾಗೆ ನೀವು ಕಾಯಬೇಡಿ.