ಕಿವಿ ಕೇಳದವರ ಕಣ್ಣೋಟ

ಪ್ರಶ್ನೆ: ಹುಟ್ಟಿನಿಂದಲೇ ಕಿವಿ ಕೇಳದವರ ದೃಷ್ಟಿ ಹೆಚ್ಚು ಚುರುಕಾಗಿರುತ್ತದೆ ಎನ್ನುವುದು ನಿಜವೇ?

ಉತ್ತರ: ಭಾಗಶಃ ನಿಜ. ಸಣ್ಣ ಅಕ್ಷರಗಳನ್ನು ಓದುವ ಶಕ್ತಿಯೇನೂ ಹೆಚ್ಚುವುದಿಲ್ಲ. ಹೆಚ್ಚುವುದು ನೋಟದ ಅಂಚಿನಲ್ಲಿ ನಡೆಯುವ ಚಲನೆಯ ಮೇಲಿನ ಗಮನ. ಎದುರಿಗಿರುವವರ ಮುಖದಲ್ಲೇ ಕಣ್ಣಿಟ್ಟು ಸಂಜ್ಞಾಭಾಷೆಯಲ್ಲಿ ಮಾತನಾಡುತ್ತಿರುವಾಗಲೂ, ಪಕ್ಕದ ಬಾಗಿಲು ಕೊಂಚ ಸರಿದದ್ದು ಅವರ ಅರಿವಿಗೆ ಬಂದುಬಿಡುತ್ತದೆ. ಶಬ್ದಕ್ಕೆಂದು ಮೀಸಲಾದ ಮಿದುಳಿನ ಭಾಗ ಸುಮ್ಮನಿರದೆ ನೋಟದ ಕೆಲಸಕ್ಕೆ ಒದಗುವುದು ಇದಕ್ಕೊಂದು ಮುಖ್ಯ ಕಾರಣ: 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹುಟ್ಟುಕಿವುಡಿನ ಬೆಕ್ಕುಗಳ ಮಿದುಳಿನಲ್ಲಿ ಆ ಭಾಗವನ್ನು ತಂಪುಗೊಳಿಸಿ ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಿದಾಗ ಈ ಹೆಚ್ಚಿನ ಚುರುಕು ಇಲ್ಲವಾಯಿತು. ತರಗತಿಯಲ್ಲಿ ಇಂಥ ಮಗು ಆಚೀಚೆ ನೋಡಿದರೆ ಚಂಚಲವೆಂದು ಗದರುವುದು ಅನ್ಯಾಯವೆಂದೇ ನನ್ನ ಭಾವನೆ. ಎಲ್ಲರ ಮುಖ, ಕೈಗಳು ಕಾಣುವಂತೆ ಮಕ್ಕಳನ್ನು ಅರ್ಧವೃತ್ತದಲ್ಲಿ ಕೂರಿಸಬೇಕು.