ದೊಡ್ಡ ಸೂಪರ್ ಮಾರ್ಕೆಟ್‌ನವರು ನಮ್ಮ ಖರೀದಿ ದರಕ್ಕಿಂತ ಕಡಿಮೆಗೆ ಹೇಗೆ ಮಾರುತ್ತಾರೆ?

ನೀವು ಕೇಳಿದ್ದು ಇಷ್ಟು. ಸಾಗರದಲ್ಲಿ ನಿಮ್ಮ ತಂದೆಯವರ ದಿನಸಿ ಅಂಗಡಿ ಇದೆ, ಹತ್ತಿರದಲ್ಲೇ ದೊಡ್ಡ ಚೈನ್‌ನ ಸ್ಟೋರ್ ಬಂದಿದೆ, ನೀವು ಹೋಲ್‌ಸೇಲ್‌ನಲ್ಲಿ ತರುವ ದರಕ್ಕಿಂತ ಕಡಿಮೆಗೆ ಅವರು ಎಣ್ಣೆ, ಸಕ್ಕರೆ ಮಾರುತ್ತಿದ್ದಾರೆ. ಅವರು ನಷ್ಟ ಮಾಡಿಕೊಂಡು ನಮ್ಮನ್ನು ಮುಚ್ಚಿಸಲು ಹೊರಟಿದ್ದಾರಾ, ನಾವೇನು ಮಾಡಬೇಕು ಅಂತ.

ನಾನು ತೀರ್ಥಹಳ್ಳಿ ಕಡೆಯವನು. ಅಂಥದ್ದೇ ಒಂದು ಚೈನ್‌ನಲ್ಲಿ ಒಂಬತ್ತು ವರ್ಷ ಇದ್ದೆ. ಮೊದಲು ಬೆಂಗಳೂರಿನಲ್ಲಿ ಖರೀದಿ ವಿಭಾಗ, ಆಮೇಲೆ ಶಿವಮೊಗ್ಗದಲ್ಲಿ ಸ್ಟೋರ್ ಮ್ಯಾನೇಜರ್. ಒಳಗೆ ಕೂತು ನೋಡಿದ್ದನ್ನೇ ಹೇಳುತ್ತೇನೆ.

ಎಣ್ಣೆ, ಸಕ್ಕರೆಯಲ್ಲಿ ಅವರಿಗೆ ಲಾಭ ಇಲ್ಲ, ಕೆಲವು ಸಲ ಕೈಯಿಂದಲೇ ಹೋಗುತ್ತದೆ, ಅದು ನಿಜ. ಯಾಕೆಂದರೆ ಗಿರಾಕಿಗೆ ಬಾಯಿಪಾಠ ಇರುವುದು ಕೆಲವೇ ಸಾಮಾನಿನ ಬೆಲೆ. ಎಣ್ಣೆ, ಸಕ್ಕರೆ, ತೊಗರಿಬೇಳೆ, ಅಕ್ಕಿ, ಒಂದೆರಡು ಸೋಪು. ಖರೀದಿ ವಿಭಾಗದಲ್ಲಿ ಇವುಗಳ ಪಟ್ಟಿಯೇ ಬೇರೆ ಇತ್ತು, ಅದನ್ನು ವಾರ ವಾರ ನೋಡುತ್ತಿದ್ದೆವು. ಇವು ಅಗ್ಗ ಅನ್ನಿಸಿದರೆ ಇಡೀ ಅಂಗಡಿಯೇ ಅಗ್ಗ ಅಂತ ಜನ ನಂಬುತ್ತಾರೆ. ಅದೇ ಗಾಡಿಯಲ್ಲಿ ಪ್ಲಾಸ್ಟಿಕ್ ಡಬ್ಬ, ಬೆಡ್‌ಶೀಟ್, ಕಂಪನಿಯದೇ ಬ್ರ್ಯಾಂಡಿನ ರವೆ, ಡ್ರೈ ಫ್ರೂಟ್ಸ್ ಬೀಳುತ್ತವೆ. ಅವುಗಳ ಬೆಲೆ ಯಾರಿಗೂ ನೆನಪಿರುವುದಿಲ್ಲ. ಲಾಭ ಅಲ್ಲಿದೆ.

ಆದರೆ ಇದು ಅರ್ಧ ಉತ್ತರ. ದೊಡ್ಡ ರಿಟೇಲ್ ನಡೆಯುವುದು ದಿನಗಳ ಲೆಕ್ಕದ ಮೇಲೆ. ನೂರು ರೂಪಾಯಿ ಸಾಮಾನು ತಂದು ಹತ್ತು ರೂಪಾಯಿ ಲಾಭಕ್ಕೆ ಮೂರು ತಿಂಗಳಲ್ಲಿ ಮಾರಿದರೆ ವರ್ಷಕ್ಕೆ ನಾಲ್ಕು ಸುತ್ತು, 40 ರೂಪಾಯಿ. ಅದೇ ನೂರು ರೂಪಾಯಿಯನ್ನು ನಾಲ್ಕೇ ರೂಪಾಯಿ ಲಾಭಕ್ಕೆ 20 ದಿನದಲ್ಲಿ ಮಾರಿದರೆ ವರ್ಷಕ್ಕೆ 18 ಸುತ್ತು, 72 ರೂಪಾಯಿ. ಇದರ ಮೇಲೆ ಇನ್ನೊಂದು ಇದೆ. 20 ದಿನದಲ್ಲಿ ಮಾರಿ, ಸರಕು ಕೊಟ್ಟ ಕಂಪನಿಗೆ 45 ದಿನಕ್ಕೆ ದುಡ್ಡು ಕೊಟ್ಟರೆ ನಡುವಿನ 25 ದಿನ ಆ ಹಣ ಇವರ ಕೈಯಲ್ಲೇ ಇರುತ್ತದೆ, ಬಡ್ಡಿ ಇಲ್ಲದೆ. ಸರಕು ಕೊಟ್ಟವನ ದುಡ್ಡಲ್ಲೇ ವ್ಯಾಪಾರ.

ಎಲ್ಲರೂ ಹಾಗೇ ಮಾಡುತ್ತಾರೆ ಅಂತಲ್ಲ. 2002ರಲ್ಲಿ ಮುಂಬೈನ ಪೊವೈನಲ್ಲಿ ಶುರುವಾದ ಡಿಮಾರ್ಟ್ ಉಲ್ಟಾ ದಾರಿ ಹಿಡಿಯಿತು. ಸರಕು ಕೊಟ್ಟವರಿಗೆ ಬೇಗ ಹಣ ಕೊಡುವುದು, ಅದಕ್ಕೆ ಬದಲಾಗಿ ದರ ಇಳಿಸಿಕೊಳ್ಳುವುದು. ಕಟ್ಟಡಗಳೂ ಹೆಚ್ಚಿನವು ಸ್ವಂತದ್ದು, ಬಾಡಿಗೆ ಏರುವ ಭಯ ಇಲ್ಲ. ಮೊದಮೊದಲು ತುಂಬ ನಿಧಾನವಾಗಿ ಬೆಳೆದರು, ಈಗ 400ಕ್ಕೂ ಹೆಚ್ಚು ಸ್ಟೋರ್ ಇವೆ. ಅಮೆರಿಕದ ಕಾಸ್ಟ್‌ಕೋ ಇನ್ನೊಂದು ರೀತಿ. ಅಲ್ಲಿಯ ಸಾಮಾನ್ಯ ಸೂಪರ್ ಮಾರ್ಕೆಟ್‌ನಲ್ಲಿ 30,000 ಬಗೆ ಸಾಮಾನು ಇದ್ದರೆ ಇವರು ಇಡುವುದು ಸುಮಾರು 4,000. ಬಗೆ ಕಡಿಮೆ ಆದಷ್ಟೂ ಒಂದೊಂದೂ ಬೇಗ ಖಾಲಿಯಾಗುತ್ತದೆ.

ಸಾಗರಕ್ಕೆ ಯಾಕೆ ಬಂದರು ಅನ್ನುವುದಕ್ಕೂ ಇದೇ ಕಾರಣ. ವಾಲ್‌ಮಾರ್ಟ್ 1962ರಲ್ಲಿ ಶುರುವಾಗಿದ್ದು ಸಣ್ಣ ಊರಿನಲ್ಲಿ. ಆಮೇಲೆ ಮೊದಲು ಗೋಡೌನು, ಅದರ ಸುತ್ತ ಲಾರಿ ಒಂದು ದಿನದಲ್ಲಿ ಮುಟ್ಟುವಷ್ಟು ದೂರದೊಳಗೆ ಅಂಗಡಿಗಳು, ಹೀಗೇ ಹಬ್ಬಿತು. ಶಿವಮೊಗ್ಗಕ್ಕೆ ಹೇಗೂ ಬರುವ ಲಾರಿಗೆ ಸಾಗರ ಇನ್ನೊಂದು 70 ಕಿಲೋಮೀಟರ್ ಅಷ್ಟೇ.

ದಿನಗಳ ಲೆಕ್ಕ ತಪ್ಪಿದರೆ ಎಷ್ಟು ದೊಡ್ಡವರೂ ಉಳಿಯುವುದಿಲ್ಲ. 1997ರಲ್ಲಿ ಚೆನ್ನೈನಲ್ಲಿ ಶುರುವಾದ ಸುಭಿಕ್ಷಾ ಸಾಲದ ಮೇಲೆ ಸುಮಾರು 1,600 ಅಂಗಡಿ ತೆರೆದು, 2009ರ ಹೊತ್ತಿಗೆ ಕೈಯಲ್ಲಿ ಹಣ ಇಲ್ಲದೆ ಮುಚ್ಚಿಹೋಯಿತು. ಬಿಗ್ ಬಜಾರ್ ಅಂತೂ ದೇಶಕ್ಕೆಲ್ಲ ಗೊತ್ತಿದ್ದ ಹೆಸರು, ಅಲ್ವಾ? ಮೊದಲೇ ಸಾಲ ಜಾಸ್ತಿ ಇತ್ತು, ಲಾಕ್‌ಡೌನ್‌ನಲ್ಲಿ ವ್ಯಾಪಾರ ನಿಂತಿತು, ಬಾಡಿಗೆ ಬಾಕಿ ಬಿತ್ತು, 2022ರಲ್ಲಿ ಎಷ್ಟೋ ಮಳಿಗೆಗಳು ರಿಲಯನ್ಸ್ ಕೈಗೆ ಹೋದವು.

ಈಗ ನಮ್ಮ ಕಡೆಯ ಮಾತಿಗೆ ಬರುತ್ತೇನೆ. ನಾನು ಶಿವಮೊಗ್ಗಕ್ಕೆ ಬಂದ ಮೊದಲ ವರ್ಷ ಕೊಡೆ, ರೇನ್‌ಕೋಟು, ಟಾರ್ಪಾಲು ಎಲ್ಲ ಹೆಡ್ ಆಫೀಸಿನಿಂದ ಬಂದಿದ್ದು ಜುಲೈ ಮೊದಲ ವಾರ. ಮಲೆನಾಡಿನಲ್ಲಿ ಮಳೆಗಾಲಕ್ಕೆ ತಯಾರಿ ಮೇ ತಿಂಗಳಲ್ಲೇ ಮುಗಿಯುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಹೊಸನಗರದ ಕಡೆಯ ಜನ ಮೇ ಕೊನೆಗೆ ಬಂದು ಮೂರು ತಿಂಗಳ ಬೇಳೆ, ಬೆಲ್ಲ, ಬೆಂಕಿಪೊಟ್ಟಣದ ಬಂಡಲ್ ಒಟ್ಟಿಗೆ ಒಯ್ಯಲು ನೋಡುತ್ತಿದ್ದರು. ಆಗ ನಮ್ಮಲ್ಲಿ ಬೇಕಾದಷ್ಟು ದಾಸ್ತಾನೇ ಇರಲಿಲ್ಲ. ಕೊಡೆ ಬರುವ ಹೊತ್ತಿಗೆ ಎಲ್ಲರೂ ಗಾಂಧಿ ಬಜಾರಿನಲ್ಲಿ ಕೊಂಡಾಗಿತ್ತು. ಆ ಕೊಡೆಗಳು ಮುಂದಿನ ವರ್ಷದವರೆಗೆ ಗೋಡೌನಿನಲ್ಲಿ ಕೂತು ಕಡ್ಡಿ ತುಕ್ಕು ಹಿಡಿದವು. ಹೆಡ್ ಆಫೀಸಿನ ನಕ್ಷೆಯಂತೆ ಗೋಡೆಗೆ ತಾಗಿಸಿ ಇಟ್ಟ ರವೆ ಆಗಸ್ಟ್‌ನಲ್ಲಿ ಥಂಡಿಗೆ ಗಂಟು ಕಟ್ಟಿತು. ಮುಂದಿನ ವರ್ಷ ಮಳೆ ಸಾಮಾನು ಏಪ್ರಿಲ್ ಕೊನೆಗೇ ಕಳಿಸಿ ಅಂತ ಮೂರು ಸಲ ಬರೆದೆ. ಇಡೀ ದಕ್ಷಿಣಕ್ಕೆ ಒಂದೇ ಕ್ಯಾಲೆಂಡರ್, ಬದಲಾಯಿಸಲು ಆಗುವುದಿಲ್ಲ ಅಂತ ಉತ್ತರ ಬಂತು. ಇದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ, ಯಾಕೆಂದರೆ ಸ್ಟೋರಿನಲ್ಲಿದ್ದ ಹುಡುಗರಿಗೆಲ್ಲ ಗೊತ್ತಿದ್ದ ವಿಷಯ ಅದು.

ನಿಮ್ಮ ತಂದೆಯವರಿಗೆ ಯಾವ ಸಾಮಾನು ಯಾವ ವಾರ ಹೋಗುತ್ತದೆ ಅಂತ ಗೊತ್ತಿದೆ. ಅದು ದೊಡ್ಡ ಆಸ್ತಿ, ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಆದರೆ ಅವರಿಗೆ ಪೆಟ್ಟು ಬೀಳುತ್ತಿರುವ ಜಾಗವೂ ದಿನಗಳಲ್ಲೇ ಇದೆ. ಉದ್ರಿ. ಅಡಿಕೆ ಮಂಡಿಗೆ ಹಾಕಿದ ಮೇಲೆ ಕೊಡುತ್ತೇನೆ ಅನ್ನುವ ಹತ್ತು ಮನೆ, ತಿಂಗಳಿಗೆ ಮೂರು ಮೂರು ಸಾವಿರ ಅಂತ ಇಟ್ಟುಕೊಳ್ಳಿ, ಆರು ತಿಂಗಳಿಗೆ 1,80,000 ಹೊರಗೆ ನಿಂತಿತು. ಡಿಸ್ಟ್ರಿಬ್ಯೂಟರ್ ಅಷ್ಟು ದಿನ ಕಾಯುತ್ತಾನಾ? ಎರಡು ವಾರಕ್ಕೆ ಬಂದು ಕೂರುತ್ತಾನೆ. ದೊಡ್ಡವರು ಸರಕು ಕೊಟ್ಟವನ ದುಡ್ಡಲ್ಲಿ ವ್ಯಾಪಾರ ಮಾಡಿದರೆ ನಿಮ್ಮ ತಂದೆ ತಮ್ಮ ದುಡ್ಡಲ್ಲಿ ಗಿರಾಕಿಯ ಮನೆ ನಡೆಸುತ್ತಿದ್ದಾರೆ. ಅದನ್ನು ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಚೈನ್ ಸ್ಟೋರ್ ಎಂದೂ ಉದ್ರಿ ಕೊಡುವುದಿಲ್ಲ, ಆ ಮನೆಗಳು ನಿಮ್ಮಲ್ಲಿಗೆ ಬರುವುದೇ ಅದಕ್ಕೆ. ಒಂದೊಂದು ಮನೆಗೆ ಇಷ್ಟು ಅಂತ ಮಿತಿ ಹಾಕಿ. ಉದ್ರಿ ಬೇಳೆ, ಅಕ್ಕಿಗೆ ಇರಲಿ, ಡಿಸ್ಟ್ರಿಬ್ಯೂಟರ್ ಹಣಕ್ಕೆ ಬೇಗ ಬರುವ ಬ್ರ್ಯಾಂಡ್ ಸಾಮಾನಿಗೆ ಬೇಡ.

ಎಣ್ಣೆ, ಸಕ್ಕರೆಯಲ್ಲಿ ಅವರ ಬೆಲೆಗೆ ಇಳಿಯಲು ಹೋಗಬೇಡಿ. ಅದನ್ನು ತುಂಬಿಸಿಕೊಳ್ಳಲು ಅವರಿಗೆ ಬೆಡ್‌ಶೀಟ್ ಇದೆ, ನಿಮಗಿಲ್ಲ. ಸ್ವಲ್ಪವೇ ಇಡಿ. ಕೈಯಲ್ಲಿ ನಗದು ಇದ್ದಾಗ ಹೋಲ್‌ಸೇಲಿನವರ ಹತ್ತಿರ ರೊಕ್ಕ ಎಣಿಸಿ ದರ ಇಳಿಸಿ, ಡಿಮಾರ್ಟ್ ಮಾಡಿದ್ದೂ ಅದನ್ನೇ. ಜೋನಿ ಬೆಲ್ಲ, ಊರಿನ ಜೇನು, ಗುರುತಿನ ಮನೆಯ ಹಪ್ಪಳ ಮುಂದೆ ಇಡಿ. ಇವುಗಳನ್ನು ಮನೆ ಮನೆಯಿಂದ ಕೊಳ್ಳಲು ಅವರ ಖರೀದಿ ವಿಭಾಗಕ್ಕೆ ಆಗುವುದಿಲ್ಲ, ನಾನೇ ಪ್ರಯತ್ನಪಟ್ಟು ಸೋತಿದ್ದೇನೆ.

ಮೊದಲು ಈ ಭಾನುವಾರ ಒಂದು ನೋಟ್‌ಬುಕ್ ಹಿಡಿದು ಕಪಾಟಿನ ಮುಂದೆ ನಿಲ್ಲಿ. ಒಂದೊಂದು ಸಾಮಾನು ಯಾವಾಗ ತಂದಿದ್ದು, ಎಷ್ಟು ಉಳಿದಿದೆ ಅಂತ ಬರೆಯಿರಿ. ಮೂರು ತಿಂಗಳಿಂದ ಕದಲದೆ ಇರುವುದನ್ನು ತಂದ ಬೆಲೆಗಾದರೂ ಮಾರಿಬಿಡಿ, ಮತ್ತೆ ತರಿಸಬೇಡಿ. ಆ ಪಟ್ಟಿ ಇಲ್ಲಿ ಹಾಕಿದರೆ ಮೇ ತಿಂಗಳಿಗೆ ಏನೇನು ಎಷ್ಟು ತುಂಬಿಸಬೇಕು ಅಂತ ಸೇರಿ ಲೆಕ್ಕ ಹಾಕೋಣ.