ಗುಂಗುರು ಕೂದಲು ನೇರ ಮಾಡಿಸಲೇ?

ಪ್ರಶ್ನೆ: ನನ್ನದು ಗುಂಗುರು ಕೂದಲು. ಮುಂದಿನ ತಿಂಗಳು ತಂಗಿಯ ಮದುವೆ. ಸ್ಟ್ರೈಟನಿಂಗ್ ಮಾಡಿಸಿ, ಶಾಶ್ವತ ಅಂತಾರೆ ಪಾರ್ಲರಿನವರು. ನಿಜವಾ, ದುಡ್ಡು ದಂಡವಾ?

ಉತ್ತರ: ಅರ್ಧ ನಿಜ. ಕೂದಲೆಂದರೆ ಕೆರಾಟಿನ್ ಎಂಬ ಪ್ರೋಟೀನು. ಅದರ ಎಳೆಗಳನ್ನು ಗಂಧಕದ ಕೊಂಡಿಗಳು ಹಿಡಿದಿಟ್ಟಿರುತ್ತವೆ. ಪಾರ್ಲರಿನಲ್ಲಿ ಹಚ್ಚುವ ಕ್ರೀಮಿನಲ್ಲಿ ಸಾಮಾನ್ಯವಾಗಿ ಥಯೋಗ್ಲೈಕೊಲೇಟ್ ಎಂಬ ರಾಸಾಯನಿಕ ಇರುತ್ತದೆ, ಕೊಳೆತ ಮೊಟ್ಟೆಯಂಥ ವಾಸನೆ ಅದರದ್ದೇ. ಅದು ಕೊಂಡಿಗಳಲ್ಲಿ ಒಂದಷ್ಟನ್ನು ಬಿಡಿಸುತ್ತದೆ. ಆಮೇಲೆ ತೊಳೆದು, ಒಣಗಿಸಿ, ಬಿಸಿ ಐರನ್ನಿನಿಂದ ಎಳೆದು, ಹೈಡ್ರೋಜನ್ ಪೆರಾಕ್ಸೈಡ್ ಇರುವ ನ್ಯೂಟ್ರಲೈಸರ್ ಹಚ್ಚಿದರೆ ಕೊಂಡಿಗಳು ಹೊಸ ಜಾಗದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಎಲ್ಲವೂ ಕೂಡುವುದಿಲ್ಲ, ಕೂದಲು ಬಡವಾಗುವುದು ಅಲ್ಲೇ.

ನೇರವಾದದ್ದು ನೇರವೇ. ಆದರೆ ಬುಡದಿಂದ ತಿಂಗಳಿಗೆ ಸುಮಾರು 1 ಸೆಂ.ಮೀ. ಹೊಸ ಗುಂಗುರು ಬರುತ್ತಲೇ ಇರುತ್ತದೆ, 6 ತಿಂಗಳಿಗೆ ಮೇಲೊಂದು ಕೆಳಗೊಂದು! ಮತ್ತೆ ಪಾರ್ಲರು, ಮತ್ತೆ ದುಡ್ಡು.

ಬ್ಲೀಚ್ ಮಾಡಿಸಿದ ಕೂದಲಾದರೆ ಬೇಡವೇ ಬೇಡ, ತುಂಡಾಗುವ ಭಯ ಜಾಸ್ತಿ. ಕೆರಾಟಿನ್ ಟ್ರೀಟ್‌ಮೆಂಟ್ ಕೂದಲು ನಯ ಮಾಡುವ ಬೇರೆಯದೇ ವಿಧಾನ, ಅದಕ್ಕೆ ಹಚ್ಚುವವುಗಳಲ್ಲಿ ಕೆಲವು ಬಿಸಿಯಾದಾಗ ಫಾರ್ಮಾಲ್ಡಿಹೈಡ್ ಎಂಬ ಅನಿಲ ಬಿಡುತ್ತವೆ, ಕಣ್ಣು ಮೂಗು ಉರಿಯುತ್ತದೆ. ಒಂದು ದಿನದ ಮದುವೆಗೆ ಸುಮ್ನೆ ಐರನ್ ಮಾಡಿಸಿ, ತಲೆಗೆ ನೀರು ಹಾಕಿಕೊಂಡರೆ ಹೋಗುತ್ತದೆ. ನನ್ನನ್ನು ಕೇಳಿದರೆ ಮಲ್ಲಿಗೆ ಮುಡಿಯಲು ಗುಂಗುರು ಜಡೆಯೇ ಚೆಂದ, ಹೂವು ಜಾರುವುದಿಲ್ಲ ಅಲ್ವಾ?